ಗೋಬಿ ಮಂಚೂರಿ ಮನೆಯಲ್ಲಿ ಯಾಕೆ ಆಗಲ್ಲ?

2024ರ ಮಾರ್ಚ್ 11. ಬೆಂಗಳೂರಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪತ್ರಿಕಾಗೋಷ್ಠಿ ಕರೆದಿದ್ದರು. ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯದಲ್ಲಿ ನಿಷೇಧಿಸಿದ್ದೇವೆ ಅಂದರು. ಅವರ ಮಾತು ಮುಗಿಯುವ ಮೊದಲೇ ಟಿವಿಗಳ ಕೆಳಪಟ್ಟಿಯಲ್ಲಿ ಎರಡೇ ಪದ ಓಡಾಡತೊಡಗಿದವು. ಗೋಬಿ ಬ್ಯಾನ್.

ಗೋಬಿ ಬ್ಯಾನ್ ಆಗಿರಲಿಲ್ಲ. ಬ್ಯಾನ್ ಆಗಿದ್ದು ಬಣ್ಣ. ಅಧಿಕಾರಿಗಳು ರಾಜ್ಯದ ಬೇರೆ ಬೇರೆ ಕಡೆಯಿಂದ ಗೋಬಿ ಮಂಚೂರಿಯ 171 ಮಾದರಿ ತಂದು ಪರೀಕ್ಷೆ ಮಾಡಿಸಿದ್ದರು. ಅದರಲ್ಲಿ 107ರಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಥರದ ಬಣ್ಣಗಳು ಸಿಕ್ಕವು. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರಲ್ಲಿ ರೋಡಮೈನ್-ಬಿ ಥರದ ಬಣ್ಣಗಳಿದ್ದವು. ಈ ಕೊನೆಯದು ತಿನ್ನುವ ಪದಾರ್ಥವೇ ಅಲ್ಲ, ಬಟ್ಟೆಗೆ ಹಾಕೋ ಬಣ್ಣ. ಮೊದಲಿನ ಮೂರನ್ನು ನಮ್ಮ ಕಾನೂನು ಕೆಲವೇ ತಿನಿಸುಗಳಲ್ಲಿ, ಮಿತಿಯೊಳಗೆ ಒಪ್ಪುತ್ತದೆ. ಗೋಬಿ ಆ ಪಟ್ಟಿಯಲ್ಲಿಲ್ಲ. ನಿಯಮ ಮುರಿದರೆ ಏಳು ವರ್ಷದಿಂದ ಜೀವಾವಧಿಯವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಅಂತ ಎಚ್ಚರಿಕೆಯೂ ಬಂತು. ಒಂದು ಪ್ಲೇಟ್ ಗೋಬಿಗೆ ಜೀವಾವಧಿ!

ಅವತ್ತು ರಾತ್ರಿ ನನಗೆ ಬಂದ ಫೋನುಗಳಲ್ಲಿ ಒಂದು ವಡಗೇರಾದಿಂದ. ಅಣ್ಣನ ಮಗ. ಒಂಬತ್ತು ವರ್ಷ. ‘ಕಾಕಾ, ಟಿವಿಯಾಗ ನೀವೇ ಹೇಳಿದ್ರಿ. ಇನ್ನ ಗೋಬಿ ಸಿಗಲ್ಲೇನು?’ ಸಿಗ್ತದ, ಕೆಂಪು ಇರಲ್ಲ ಅಷ್ಟೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, ‘ಕೆಂಪಿಲ್ಲಂದ್ರ ಅದು ಗೋಬಿ ಹೆಂಗಾಗ್ತದ?’

ಆಳವಾದ ಪ್ರಶ್ನೆ ಅದು. ಗೋಬಿ ಮಂಚೂರಿ ಅಂದರೆ ನಿಜವಾಗಿ ಏನು? ಬಣ್ಣ ತೆಗೆದರೆ ಏನುಳಿಯುತ್ತೆ? ಗಾಡಿಯಿಂದ ಇಳಿಸಿ ಮನೆಯ ಒಲೆ ಮೇಲಿಟ್ಟರೆ? ಹೆಸರಿನಲ್ಲಿರೋ ಮಂಚೂರಿಯಾ ತೆಗೆದರೆ?

ಕೊನೆಯದರಿಂದ ಶುರು ಮಾಡೋಣ. ಮಂಚೂರಿಯಾ ಅನ್ನೋದು ಚೀನಾದ ಈಶಾನ್ಯ ಮೂಲೆ. ಇವತ್ತಿನ ಲೆಕ್ಕದಲ್ಲಿ ಮೂರು ಪ್ರಾಂತ್ಯ. 1644ರಿಂದ 1912ರವರೆಗೆ ಚೀನಾ ಆಳಿದ ಚಿಂಗ್ ವಂಶದ ಮಂಚು ಜನರ ಮೂಲ ನೆಲ. 1932ರಲ್ಲಿ ಜಪಾನ್ ಅಲ್ಲೊಂದು ಕೈಗೊಂಬೆ ರಾಜ್ಯವನ್ನೂ ಕಟ್ಟಿತ್ತು. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವ ಸೀಮೆ. ಅಲ್ಲಿ ಹೋಗಿ ಒಂದು ಪ್ಲೇಟ್ ಮಂಚೂರಿ ಕೊಡಿ ಅಂದರೆ ಯಾರಿಗೂ ಅರ್ಥ ಆಗಲ್ಲ. ಆ ತಿನಿಸು ಅಲ್ಲಿಲ್ಲ, ಯಾವತ್ತೂ ಇರಲಿಲ್ಲ.

ತಟ್ಟೆಯಲ್ಲಿರೋದರ ಊರನ್ನಾದರೂ ಹುಡುಕಿ ನೋಡಿ. ಹೂಕೋಸು ಯುರೋಪಿನದು. 1822ರಲ್ಲಿ ಇಂಗ್ಲೆಂಡಿನಿಂದ ಬೀಜ ತಂದು ಸಹಾರನಪುರದ ಕಂಪನಿ ತೋಟದಲ್ಲಿ ಬಿತ್ತಿದರು ಅಂತ ತೋಟಗಾರಿಕೆ ಪುಸ್ತಕಗಳು ಹೇಳುತ್ತವೆ. ಚಳಿ ದೇಶದ ಗಿಡ. ನಮ್ಮ ಬಿಸಿಲಿಗೆ ಒಗ್ಗಿದ ತಳಿಗಳು ಇಲ್ಲಿನ ರೈತರ ಹೊಲಗಳಲ್ಲಿ ತಲೆಮಾರುಗಟ್ಟಲೆ ಆಯ್ಕೆಯಾಗುತ್ತಾ ಬಂದವು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಕಾರ್ನ್‌ಫ್ಲೋರ್ ಆಗೋ ಮೆಕ್ಕೆಜೋಳ ಕೂಡ ಅಲ್ಲಿಂದಲೇ. ಟೊಮೆಟೊ ಸಾಸಿನ ಟೊಮೆಟೊ ಸಹ. ಅಜಿನೊಮೊಟೊ ಜಪಾನಿನದು, 1908ರಲ್ಲಿ ಟೋಕಿಯೋದ ಕಿಕುನೇ ಇಕೆಡಾ ಅನ್ನೋ ರಸಾಯನ ವಿಜ್ಞಾನಿ ಸಮುದ್ರದ ಪಾಚಿಯ ಸಾರಿನಿಂದ ಅದರ ರುಚಿಯನ್ನು ಬೇರ್ಪಡಿಸಿದರು. ಇಷ್ಟರಲ್ಲಿ ಚೀನಾದ್ದು ಅಂತ ಹೇಳಬಹುದಾದ್ದು ಸೋಯಾ ಸಾಸ್ ಒಂದೇ. ಮತ್ತೆ ಕೆಳಗಿರೋ ಕಡಾಯಿ. ಮಲಯಾಳದಲ್ಲಿ ಆ ಥರದ ಕಬ್ಬಿಣದ ಬಾಣಲೆಗೆ ಚೀನಚಟ್ಟಿ ಅಂತಲೇ ಹೆಸರು, ಕಾಸರಗೋಡಿನ ಕನ್ನಡಿಗರನ್ನು ಕೇಳಿ ನೋಡಿ. ನಮ್ಮ ಕಡೆ ದಿನಕ್ಕೆ ನಾಲ್ಕು ಸಲ ಕುಡಿಯೋ ‘ಚಾ’ ಅನ್ನೋ ಪದವೂ ಚೀನಾದ್ದೇ. ಅದನ್ನ ಯಾರೂ ಬ್ಯಾನ್ ಮಾಡಿ ಅನ್ನಲ್ಲ ಬಿಡಿ.

ಆ ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋದೆ. ವಡಗೇರಾ ಗೊತ್ತಿಲ್ಲದವರಿಗೆ ಒಂದು ಮಾತು. ಭೀಮಾ ದಾಟಿದರೆ ಯಾದಗಿರಿ, ಆ ಕಡೆ ಶಹಾಪುರ, ಕೆಳಗೆ ಕೃಷ್ಣಾ. ಎರಡು ಹೊಳೆ ನಡುವಿನ ಊರು. ನಾನು ಹುಟ್ಟಿದಾಗ ನಮ್ಮದು ಕಲಬುರಗಿ ಜಿಲ್ಲೆ, ಶಹಾಪುರ ತಾಲೂಕು. 2009ರ ಕೊನೆಗೆ ಯಾದಗಿರಿ ಜಿಲ್ಲೆ ಆಯಿತು, 2018ರ ಹೊತ್ತಿಗೆ ವಡಗೇರಾ ತಾನೇ ತಾಲೂಕು ಆಯಿತು. ಅಪ್ಪ-ಅಜ್ಜಂದಿರ ಕಾಲಕ್ಕೆ ಇದು ಬಿಳಿಜೋಳದ ಸೀಮೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು. ಅನ್ನ ಅನ್ನೋದು ಹಬ್ಬದ ಊಟದಿಂದ ದಿನದ ಊಟಕ್ಕೆ ಇಳಿದದ್ದು ನಮ್ಮ ಅವ್ವನ ಕಣ್ಣೆದುರೇ. ಈಗಲೂ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೊರಗೆ ಮಿರ್ಚಿ, ಸೂಸಲಾ, ಪೂರಿ. ಸಂಜೆ ಆರರ ಮೇಲೆ, ಗಾಡಿ ಗೋಬಿ.

ನಾನು ಹೈಸ್ಕೂಲಿನಲ್ಲಿದ್ದಾಗ ಮೊದಲ ಸಲ ತಿಂದದ್ದು ಯಾದಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ. ಆಮೇಲೆ ಅದು ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬಂತು, ಸಂತೆಗೆ ಬಂತು, ಮದುವೆ ಊಟಕ್ಕೂ ಬಂತು. ಸಸ್ಯಾಹಾರಿಗಳ ಮನೆಯ ಮದುವೆಯಲ್ಲಿ ಅದಕ್ಕಿಂತ ಉದ್ದದ ಸಾಲು ಬೇರೆ ಯಾವ ಪದಾರ್ಥದ ಮುಂದೂ ನಾನು ನೋಡಿಲ್ಲ.

ಅತ್ತಿಗೆ ಮಂಚೂರಿ ಮಾಡೋದು ಅದೇ ಮೊದಲಲ್ಲ. ಆದರೆ ಈ ಸಲ ಮಗನ ಷರತ್ತು ಇತ್ತು. ಗಾಡಿಯದರ ಹಾಗೇ ಇರಬೇಕು, ಬಣ್ಣದ ಪುಡಿ ಇಲ್ಲದೆ ಕೆಂಪಗಿರಬೇಕು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಬರೆದದ್ದನ್ನು ನಿಜವಾಗಿ ಉಪಯೋಗಿಸೋ ಅವಕಾಶ ಟಿವಿ ಕೆಲಸದಲ್ಲಿ ಎಲ್ಲಿ ಸಿಗಬೇಕು? ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಹೊರಗೆ ನಲವತ್ತೆರಡು ಡಿಗ್ರಿ.

ಹೂಕೋಸು ಬಿಡಿಸಿ, ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಹುಳ ಹೋಗಲಿ ಅಂತ ಅದ್ದಿ ತೆಗೆದರು. ಬಟ್ಟೆ ಮೇಲೆ ಹರಡಿ ಆರಿಸಿದರು. ಮೈದಾ, ಕಾರ್ನ್‌ಫ್ಲೋರ್, ಶುಂಠಿ-ಬೆಳ್ಳುಳ್ಳಿ ಕಲಸಿ ಹಿಟ್ಟು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ. ಬೀಜ ತೆಗೆದು ಬಿಸಿ ನೀರಲ್ಲಿ ನೆನೆಸಿ ರುಬ್ಬಿದ್ದು. ಹಾವೇರಿ ಜಿಲ್ಲೆಯ ಈ ಸುಕ್ಕು ಮೆಣಸಿನಕಾಯಿಯ ಗುಣವೇ ಅದು, ಬಣ್ಣ ಜಾಸ್ತಿ, ಖಾರ ಕಮ್ಮಿ. ಅದಕ್ಕೇ ಅದರ ಬಣ್ಣ ತೆಗೆದು ರಫ್ತು ಮಾಡೋ ಉದ್ಯಮವೇ ಇದೆ.

ಕಡಾಯಿಯಲ್ಲಿ ಒಂದು ಲೀಟರ್ ಎಣ್ಣೆ. ಹತ್ತು ಹೂ ಬಿಟ್ಟರು. ಭುಸ್ ಅಂತ ಎದ್ದ ನೊರೆ ಅರ್ಧ ನಿಮಿಷದಲ್ಲಿ ಸಣ್ಣಗಾಯಿತು. ಅಲ್ಲೇ ಮನೆ ಮತ್ತು ಗಾಡಿ ಬೇರೆ ಆಗೋದು.

ಹೂಕೋಸಿನ ನೂರು ಗ್ರಾಂನಲ್ಲಿ ತೊಂಬತ್ತು ಗ್ರಾಂಗಿಂತ ಹೆಚ್ಚು ನೀರು. ಒಂದು ಗ್ರಾಂ ನೀರನ್ನು ಮೂವತ್ತು ಡಿಗ್ರಿಯಿಂದ ಕುದಿಯೋ ಬಿಂದುವಿಗೆ ತರಲು 70 ಕ್ಯಾಲೊರಿ ಶಾಖ ಸಾಕು. ಆದರೆ ಅದೇ ಒಂದು ಗ್ರಾಂ ನೀರನ್ನು ಆವಿ ಮಾಡಲು 540 ಕ್ಯಾಲೊರಿ ಬೇಕು. ಗರಿಗರಿ ಅಂದರೆ ಏನು? ಮೇಲಿನ ಪದರದ ನೀರು ಆವಿಯಾಗಿ ಹೋಗಿರೋದು, ಅಷ್ಟೇ. ಆ ಶಾಖ ಎಣ್ಣೆಯಿಂದ ಬರಬೇಕು, ಎಣ್ಣೆಗೆ ಒಲೆಯಿಂದ ಬರಬೇಕು. ಗಾಡಿಯವನ ಕಡಾಯಿಯಲ್ಲಿ ನಾಲ್ಕೈದು ಲೀಟರ್ ಎಣ್ಣೆ. ಹತ್ತು ಹೂ ಬಿದ್ದರೆ ಅದು ತಣ್ಣಗಾಗಲ್ಲ. ನಮ್ಮ ಒಂದು ಲೀಟರ್ ತಣ್ಣಗಾಗುತ್ತೆ. ತಣ್ಣಗಾದ ಎಣ್ಣೆಯಲ್ಲಿ ಹೂಕೋಸು ಕರಿಯಲ್ಲ, ಬೇಯುತ್ತೆ, ಎಣ್ಣೆ ಕುಡಿಯುತ್ತೆ.

ಅತ್ತಿಗೆಗೆ ಈ ಲೆಕ್ಕ ಹೇಳಿದೆ. ಅವರು ಝಾರಾದಿಂದ ಹೂ ಎತ್ತುತ್ತಾ, ‘ನೋಡ್ರಿ, ಅದಕ್ಕ ನಾ ಐದೈದು ಬಿಡಾಕತ್ತೀನಿ. ನೀವು ಹತ್ತು ಬಿಡು ಅಂದ್ರಿ ಅಂತ ಬಿಟ್ಟೆ’ ಅಂದರು. ಎಂಜಿನಿಯರಿಂಗಿಗೆ ನಾಲ್ಕು ವರ್ಷ ಯಾಕೆ ಬೇಕೋ!

ಎರಡನೇ ಗುಟ್ಟು, ಗಾಡಿಯವರು ಎರಡು ಸಲ ಕರೀತಾರೆ. ಮಧ್ಯಾಹ್ನವೇ ಒಂದು ಸಲ ಅರ್ಧ ಕರಿದು ಹರಡಿಟ್ಟಿರ್ತಾರೆ. ಒಳಗಿನ ತೇವ ಆ ಹೊತ್ತಿನಲ್ಲಿ ಮೇಲಿನ ಪದರಕ್ಕೆ ಬರುತ್ತೆ. ಗಿರಾಕಿ ಬಂದಾಗ ಎರಡನೇ ಸಲ ಬಿಸಿ ಎಣ್ಣೆಗೆ ಬಿಟ್ಟರೆ ಆ ತೇವವೂ ಹೋಗುತ್ತೆ. ಅದಕ್ಕೇ ಸಾಸು ಹಾಕಿದರೂ ಐದು ನಿಮಿಷ ಗರಿಗರಿ ಉಳಿಯೋದು. ಮನೆಯಲ್ಲಿ ಇದನ್ನ ಮಾಡಬಹುದು, ಅತ್ತಿಗೆ ಮಾಡಿದರು. ಅಲ್ಲಿವರೆಗೆ ಎಲ್ಲಾ ಸರಿಯಿತ್ತು.

ಆಗದೇ ಇರೋದು ಕೊನೆಯ ಒಂದು ನಿಮಿಷ. ಗಾಡಿಯವನು ಬೆಳ್ಳುಳ್ಳಿ, ಹಸಿಮೆಣಸು, ಈರುಳ್ಳಿ ಹಾಕಿ, ಸಾಸು ಸುರಿದು, ಕಾರ್ನ್‌ಫ್ಲೋರ್ ನೀರು ಬಿಟ್ಟು, ಗೋಬಿ ಹಾಕಿ ನಾಲ್ಕು ಸಲ ಹಾರಿಸಿ ಕೆಳಗಿಳಿಸ್ತಾನೆ. ಅವನ ಒಲೆ ನೋಡಿದ್ದೀರಲ್ಲ, ವಿಮಾನದ ಸದ್ದು ಮಾಡುತ್ತೆ. ಮನೆಯ ಸಿಲಿಂಡರಿನ ರೆಗ್ಯುಲೇಟರ್ ಗ್ಯಾಸಿನ ಒತ್ತಡ ತೀರಾ ಇಳಿಸಿ ಕೊಡುತ್ತೆ. ಒಲೆಯ ದೊಡ್ಡ ಬರ್ನರ್ ಎರಡು ಕಿಲೋವ್ಯಾಟ್ ಆಸುಪಾಸು. ದೊಡ್ಡ ಚೈನೀಸ್ ಹೋಟೆಲಿನ ಭಟ್ಟಿ ಅದರ ಹತ್ತು ಪಟ್ಟು. ಅಷ್ಟು ಬೆಂಕಿಗೆ ಸಾಸು ಬಾಣಲೆಗೆ ಬಿದ್ದ ಕೂಡಲೇ ಅಂಚಿನಲ್ಲಿ ಸ್ವಲ್ಪ ಸುಡುತ್ತೆ. ಆ ಸುಟ್ಟ ವಾಸನೆಯೇ ನಾವು ಹುಡುಕೋ ‘ಹೋಟೆಲ್ ಟೇಸ್ಟ್’. ಚೀನೀಯರು ಅದಕ್ಕೆ ಬಾಣಲೆಯ ಉಸಿರು ಅಂತಾರೆ. ಮನೆ ಒಲೆಯಲ್ಲಿ ಸಾಸು ಸುಡಲ್ಲ, ಕುದಿಯುತ್ತೆ. ಹಾಗಂತ ಮನೆಗೆ ಹೈ ಪ್ರೆಶರ್ ರೆಗ್ಯುಲೇಟರ್ ತಂದು ಹಾಕೋಕೆ ಹೋಗಬೇಡಿ. ನಮ್ಮ ಮನೆ ಅಡುಗೆ ಒಲೆ, ನಳಿಗೆ ಅದಕ್ಕಾಗಿ ಮಾಡಿದ್ದಲ್ಲ. ಒಂದು ಪ್ಲೇಟ್ ಗೋಬಿಗೆ ಮನೆ ಸುಟ್ಟುಕೊಂಡ ಸುದ್ದಿ ಓದೋಕೆ ನನಗೆ ಇಷ್ಟವಿಲ್ಲ.

ತಟ್ಟೆಗೆ ಬಂತು. ಬಣ್ಣ ಇಟ್ಟಿಗೆ ಕೆಂಪು. ಬ್ಯಾಡಗಿಯ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಸೋಯಾ ಸಾಸು ಸೇರಿದ ಮೇಲೆ ಇನ್ನೂ ಕಂದು. ಹುಡುಗ ಒಂದು ತಿಂದ, ಎರಡು ತಿಂದ. ‘ಛಲೋ ಆಗ್ಯದ’ ಅಂದ. ಅವ್ವನ ಮುಖ ನೋಡಿ ಮುಂದುವರಿಸಿದ, ‘ಆದ್ರ ಇದು ಗೋಬಿ ಭಜ್ಜಿ ಪಲ್ಯ.’

ನಮ್ಮ ಅವ್ವ, ಅಂದರೆ ಅವನ ಅಜ್ಜಿ, ಮೂಲೆಯಲ್ಲಿ ರೊಟ್ಟಿ ಬಡಿಯುತ್ತಾ ಇದ್ದವಳು ಅಲ್ಲಿಂದಲೇ ಹೇಳಿದಳು, ‘ಮನ್ಯಾಗ ಮಾಡಿದ್ದಕ್ಕ ಮನಿ ರುಚಿ ಇರ್ತದಪಾ. ಅಂವ ಗಾಡ್ಯಾಗ ನನ್ನಂಗ ರೊಟ್ಟಿ ಬಡೀಲಿ ನೋಡೋಣು.’

ಕೆಂಪು ಯಾಕೆ ಅಷ್ಟು ಬೇಕು ಅನ್ನೋದು ನಮ್ಮ ವೃತ್ತಿಯವರಿಗೆ ಅರ್ಥವಾಗುತ್ತೆ. ಗಾಡಿ ನಡೆಯೋದು ಕತ್ತಲಾದ ಮೇಲೆ, ಬಿಳಿ ಬಲ್ಬಿನ ಕೆಳಗೆ. ರಸ್ತೆಯ ಆ ಕಡೆಯಿಂದ ಕಾಣಬೇಕು. ಕಂದು ಬಣ್ಣ ಕಾಣಲ್ಲ. ಸ್ಟುಡಿಯೊದ ಲೈಟಿನ ಕೆಳಗೆ ನಮ್ಮ ಮುಖಕ್ಕೆ ಮೇಕಪ್ ಬಳಿಯೋದು ಇದೇ ಕಾರಣಕ್ಕೆ. ಅಲ್ಲಿಗೆ ಬಣ್ಣ ಅನ್ನೋದು ರುಚಿಯಲ್ಲ, ಜಾಹೀರಾತು. ಹತ್ತು ರೂಪಾಯಿಯ ಬಣ್ಣದ ಪುಡಿ ಮಾಡೋ ಕೆಲಸಕ್ಕೆ ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಗಾಡಿಯವನ ಲೆಕ್ಕ ಹೊಂದಲ್ಲ.

ಸರಿ, ಮನೆಯಲ್ಲಿ ಯಾಕೆ ಆಗಲ್ಲ ಅಂತ ಗೊತ್ತಾಯಿತು. ಅದು ಹುಟ್ಟಿದ್ದೇ ಮನೆಯಲ್ಲಲ್ಲ. ರೊಟ್ಟಿಗೆ, ಪುಂಡಿಪಲ್ಯಕ್ಕೆ ಹುಟ್ಟಿದ ದಿನ ಇಲ್ಲ, ಮಾಡಿದವರ ಹೆಸರಿಲ್ಲ. ಮಂಚೂರಿಗೆ ಎರಡೂ ಇದೆ.

1975. ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾ. ಅಡುಗೆ ಮಾಡುತ್ತಿದ್ದವರು ನೆಲ್ಸನ್ ವಾಂಗ್. ಕಲ್ಕತ್ತಾದಲ್ಲಿ ಹುಟ್ಟಿದ ಚೀನಿ ಮೂಲದ ಹುಡುಗ. ಮುಂಬೈಗೆ ಬಂದಾಗ ಜೇಬಿನಲ್ಲಿ ಮೂವತ್ತು ರೂಪಾಯಿಯೂ ಇರಲಿಲ್ಲವಂತೆ. ಕಥೆ ಅವರೇ ಹೇಳಿದ್ದು. ಯಾರೋ ಗಿರಾಕಿ ಹೊಸದೇನಾದರೂ ಮಾಡಿಕೊಡಿ ಅಂದರು. ವಾಂಗ್ ನಮ್ಮ ದೇಶದ ಯಾವುದೇ ಅಡುಗೆಮನೆಯಲ್ಲಿ ಶುರು ಮಾಡೋ ಹಾಗೆ ಶುರು ಮಾಡಿದರು, ಹೆಚ್ಚಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು. ಗರಂ ಮಸಾಲೆ ಹಾಕೋ ಜಾಗದಲ್ಲಿ ಸೋಯಾ ಸಾಸ್ ಹಾಕಿದರು. ಆಮೇಲೆ ಕಾರ್ನ್‌ಫ್ಲೋರ್, ಆಮೇಲೆ ಕರಿದ ಕೋಳಿ. ಅದು ಚಿಕನ್ ಮಂಚೂರಿಯನ್. 1983ರಲ್ಲಿ ಅವರು ಕೆಂಪ್ಸ್ ಕಾರ್ನರ್‌ನಲ್ಲಿ ಚೈನಾ ಗಾರ್ಡನ್ ತೆರೆದರು, ಸಿನಿಮಾದವರು ಸಾಲುಗಟ್ಟಿದರು. ಕೋಳಿಯ ಜಾಗಕ್ಕೆ ಹೂಕೋಸು ಬಂದಾಗ ತಿನಿಸು ಸಸ್ಯಾಹಾರಿಗಳ ಮನೆ ಬಾಗಿಲಿಗೂ ಬಂತು. ಕರ್ನಾಟಕದಲ್ಲಿ ಕೋಳಿಯನ್ನೇ ಮರೆಸಿ ಕೂತಿತು.

ಮುಂಬೈ ನಮ್ಮ ಕಡೆಯವರಿಗೆ ದೂರದ ಊರಲ್ಲ. ಬೊಂಬಾಯಿ-ಮದ್ರಾಸ್ ರೈಲು ದಾರಿ ಯಾದಗಿರಿ ಮೇಲೆ ಹಾದುಹೋಗಿದ್ದು 1871ರಲ್ಲಿ. ಮಳೆ ಕೈಕೊಟ್ಟ ವರ್ಷ ನಮ್ಮ ಜನ ಗುಳೆ ಹೋಗೋದು ಅದೇ ರೈಲಿಗೆ. ಕಟ್ಟಡ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ. ಪಾತ್ರೆ ತೊಳೆಯೋಕೆ ಸೇರಿದ ಹುಡುಗ ತರಕಾರಿ ಹೆಚ್ಚುತ್ತಾನೆ, ಆಮೇಲೆ ಭಟ್ಟಿ ಮುಂದೆ ನಿಲ್ಲುತ್ತಾನೆ, ಆಮೇಲೆ ಊರಿಗೆ ಬಂದು ಗಾಡಿ ಹಾಕುತ್ತಾನೆ. ನಮ್ಮೂರ ಗಾಡಿಯವನ ಕಥೆ ಅದೇ, ಮುಂಬೈ ಬದಲು ಬೆಂಗಳೂರು ಅಷ್ಟೇ.

ಆದರೆ ನೆಲ್ಸನ್ ವಾಂಗ್ ಕಲ್ಕತ್ತಾದಲ್ಲಿ ಯಾಕೆ ಹುಟ್ಟಿದರು? ನಾನು ಗೋಬಿಯ ಬಗ್ಗೆ ಬರೆಯಲು ಕೂತಿದ್ದು ಈ ಪ್ರಶ್ನೆಗಾಗಿ.

1780ರ ಆಸುಪಾಸು ತೊಂಗ್ ಅಚ್ಯೂ ಅನ್ನೋ ಚೀನಿ ವ್ಯಾಪಾರಿ ಕಲ್ಕತ್ತಾದ ಹತ್ತಿರ ಹೂಗ್ಲಿ ದಡದಲ್ಲಿ ನೆಲೆ ನಿಂತ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನಿಂದ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಆ ಊರಿಗೆ ಇವತ್ತಿಗೂ ಅವನ ಹೆಸರೇ, ಅಚಿಪುರ. ಚೀನಿ ಹೊಸ ವರ್ಷಕ್ಕೆ ಕಲ್ಕತ್ತಾದ ಚೀನೀಯರು ಅವನ ಗೋರಿಗೆ ಹೋಗಿ ಕೈಮುಗಿದು ಬರ್ತಾರೆ. ನಂತರದ ನೂರೈವತ್ತು ವರ್ಷ ಜನ ಬರುತ್ತಲೇ ಇದ್ದರು. ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೇಯವರು ಹಲ್ಲಿನ ವೈದ್ಯರು, ಶಾಂದೊಂಗ್‌ನವರು ರೇಷ್ಮೆ ಮಾರೋರು. ಹಕ್ಕಾ ಜನ ಹಿಡಿದದ್ದು ಚರ್ಮ ಹದ ಮಾಡೋ ಕೆಲಸ. ನಮ್ಮ ಮೇಲ್ಜಾತಿಗಳು ಮುಟ್ಟದ ಕೆಲಸ ಅದು. ಮಾಡೋ ದಲಿತರಿಗೆ ನಾವು ಕೊಟ್ಟ ಮರ್ಯಾದೆ ಏನು ಅಂತ ಹೇಳಬೇಕಿಲ್ಲ. ಟಾಂಗ್ರಾ ಅನ್ನೋ ಜೌಗು ಜಾಗದಲ್ಲಿ ಹಕ್ಕಾ ಕುಟುಂಬಗಳು ಟ್ಯಾನರಿ ಕಟ್ಟಿದವು. ಕೆಲಸ ಮುಗಿಸಿ ಬಂದವರಿಗೆ ಮಾಡಿ ಹಾಕಿದ ಊಟಕ್ಕೆ ಕಲ್ಕತ್ತಾದ ಮೆಣಸಿನಕಾಯಿ ಸೇರಿತು. ನಾವು ‘ಚೈನೀಸ್’ ಅನ್ನೋದರ ಬೇರು ಅದು. 1996ರ ಡಿಸೆಂಬರಿನಲ್ಲಿ ಮಾಲಿನ್ಯದ ಕಾರಣಕ್ಕೆ ಟ್ಯಾನರಿಗಳು ಊರು ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿದ ಮೇಲೆ ಎಷ್ಟೋ ಮಂದಿ ಆ ಕಟ್ಟಡಗಳನ್ನೇ ಹೋಟೆಲ್ ಮಾಡಿದರು. ಚರ್ಮ ಒಣಗಿಸಿದ ಅಂಗಳದಲ್ಲಿ ಈಗ ಚಿಲ್ಲಿ ಚಿಕನ್.

ಇದು ಚೆಂದದ ಕಥೆ. ಹೋಟೆಲ್ ಬಗ್ಗೆ ಬರೆಯೋರು ಇಲ್ಲಿಗೆ ನಿಲ್ಲಿಸ್ತಾರೆ. ನಡುವೆ ಒಂದು ವರ್ಷ ಇದೆ, 1962.

ಅಕ್ಟೋಬರ್ 20ಕ್ಕೆ ಯುದ್ಧ ಶುರುವಾಯಿತು, ನವೆಂಬರ್ 21ಕ್ಕೆ ಕದನ ವಿರಾಮ. ನಾವು ಸೋತೆವು. ಯುದ್ಧದ ನಡುವೆ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಯಾರ ತಂದೆ-ತಾಯಿಯೋ ಅಜ್ಜ-ಅಜ್ಜಿಯೋ ಶತ್ರು ದೇಶದ ಪ್ರಜೆಯಾಗಿದ್ದರೋ ಅವರನ್ನು ವಿದೇಶಿ ಅಂತ ನಡೆಸಿಕೊಳ್ಳಬಹುದು. ಇಲ್ಲೇ ಹುಟ್ಟಿದ್ದರೂ ಸರಿ, ಒಬ್ಬ ಅಜ್ಜ ಚೀನಾದವನಿದ್ದರೆ ಸಾಕು. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆ ಪೊಲೀಸರು ಮನೆ ಬಾಗಿಲು ತಟ್ಟಿದರು. ಅಸ್ಸಾಮಿನ ಮಾಕುಮ್ ಅನ್ನೋ ಊರಿನಲ್ಲಿ ಬ್ರಿಟಿಷರು ಚಹಾ ತೋಟಕ್ಕೆ ಕರೆತಂದ ಚೀನೀಯರ ಮೊಮ್ಮಕ್ಕಳು ಇದ್ದರು. ಅವರಿಗೆ ಅಸ್ಸಾಮಿ ಬರ್ತಿತ್ತು, ಅವರ ಮನೆಗಳಲ್ಲಿ ಅಸ್ಸಾಮಿ ಸೊಸೆಯರಿದ್ದರು. ಅವರನ್ನೂ ಒಯ್ದರು. ಸುಮಾರು ಮೂರು ಸಾವಿರ ಜನ. ಮುದುಕರು, ಬಸುರಿಯರು, ಮಕ್ಕಳು. ರೈಲು ತುಂಬಿಸಿ ದಿನಗಟ್ಟಲೆ ದೇಶದ ಆ ತುದಿಯಿಂದ ಈ ತುದಿಗೆ, ರಾಜಸ್ಥಾನದ ದೇವಲಿಗೆ. ಬ್ರಿಟಿಷರು ಜಯಪ್ರಕಾಶ್ ನಾರಾಯಣರನ್ನು ಕೂಡಿ ಹಾಕಿದ್ದ ಜಾಗ ಅದು. ಸ್ವತಂತ್ರ ಭಾರತ ಅದೇ ಮುಳ್ಳುತಂತಿಯನ್ನು ಮತ್ತೆ ಉಪಯೋಗಿಸಿತು.

ಮೊಕದ್ದಮೆ ಇಲ್ಲ. ಆರೋಪ ಪಟ್ಟಿ ಇಲ್ಲ. ಕೆಲವರು ತಿಂಗಳುಗಳಲ್ಲಿ ಹೊರಬಂದರು, ಕೆಲವರು 1967ರವರೆಗೆ ಒಳಗಿದ್ದರು. 1963ರಲ್ಲಿ ಚೀನಾ ಮದ್ರಾಸಿಗೆ ಹಡಗು ಕಳಿಸಿತು, ಎರಡು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಹೋದರು. ಅವರಲ್ಲಿ ಎಷ್ಟೋ ಮಂದಿ ಚೀನಾವನ್ನು ಅಲ್ಲಿಯವರೆಗೆ ಕಣ್ಣಿಂದ ನೋಡಿದವರೇ ಅಲ್ಲ. ಉಳಿದವರು ತಿರುಗಿ ಬಂದಾಗ ಮನೆ, ಅಂಗಡಿ ಹರಾಜಾಗಿತ್ತು. ಕ್ಯಾಂಪಿಗೆ ಹೋಗದ ಕಲ್ಕತ್ತಾದವರೂ ಊರು ಬಿಟ್ಟು ಹೋಗಬೇಕಾದರೆ ಪೊಲೀಸ್ ಪರವಾನಗಿ ತಗೋಬೇಕಿತ್ತು.

ಯಿನ್ ಮಾರ್ಷ್ ಅಂತ ಒಬ್ಬರು. ಆಗ ಹದಿಮೂರು ವರ್ಷ. ಡಾರ್ಜಿಲಿಂಗಿನಲ್ಲಿ ಅವರ ತಂದೆಯ ರೆಸ್ಟೋರೆಂಟ್ ಇತ್ತು. ಅಪ್ಪ, ಅಜ್ಜಿ, ತಮ್ಮನ ಜೊತೆ ದೇವಲಿಗೆ ಹೋದರು. ದೊಡ್ಡವರಾದ ಮೇಲೆ ಅಮೆರಿಕದಲ್ಲಿ ಕೂತು ಆ ದಿನಗಳ ಬಗ್ಗೆ ಪುಸ್ತಕ ಬರೆದರು. ಜಾಯ್ ಮಾ ಹುಟ್ಟಿದ್ದೇ ಕ್ಯಾಂಪಿನೊಳಗೆ. ಅವರು ಪತ್ರಕರ್ತ ದಿಲೀಪ್ ಡಿಸೋಜಾ ಜೊತೆ ಸೇರಿ ಬರೆದ ‘ದಿ ದೇವಲಿವಾಲಾಸ್’ 2020ರಲ್ಲಿ ಬಂತು. ಅದಕ್ಕೂ ಮೊದಲೇ, 2010ರಲ್ಲಿ, ಅಸ್ಸಾಮಿಯಲ್ಲಿ ರೀತಾ ಚೌಧರಿ ‘ಮಾಕಾಮ್’ ಕಾದಂಬರಿ ಬರೆದಿದ್ದರು. ಹೈಸ್ಕೂಲಿನ ನಮ್ಮ ಇತಿಹಾಸ ಪಾಠದಲ್ಲಿ 1962 ಅಂದರೆ ಹಿಮಾಲಯ, ನೆಹರು, ಕೃಷ್ಣ ಮೆನನ್. ದೇವಲಿ ಇರಲಿಲ್ಲ.

ಈಗ ದಿನಾಂಕಗಳನ್ನು ಪಕ್ಕಪಕ್ಕ ಇಡಿ. 1967ರಲ್ಲಿ ಕ್ಯಾಂಪಿನ ಕೊನೆಯ ಮಂದಿ ಹೊರಗೆ. 1975ರಲ್ಲಿ ಮಂಚೂರಿಯನ್. ನಡುವೆ ಎಂಟೇ ವರ್ಷ. ಚೀನಿ ಮುಖ ಕಂಡರೆ ಗೂಢಚಾರ ಅಂತ ನೋಡುತ್ತಿದ್ದ ದೇಶದಲ್ಲಿ ಚೀನಿ ಮುಖದ ಒಬ್ಬ ಅಡುಗೆಯವನು ಗಿರಾಕಿಗೆ ಹೊಸದು ಮಾಡಿಕೊಡಬೇಕು. ಅವನು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಿಂದ ಶುರು ಮಾಡ್ತಾನೆ. ಅಪ್ಪಟ ಚೀನಿ ಅಡುಗೆ ಕೊಟ್ಟಿದ್ದರೆ ನಾವು ತಿನ್ನುತ್ತಿರಲಿಲ್ಲ ಅಂತ ಅವನಿಗೆ ಗೊತ್ತು. ಹೆಸರು ಮಾತ್ರ ದೂರದ್ದು ಬೇಕಿತ್ತು, ಆ ಗಿರಾಕಿಗೆ ಪರದೇಶದ್ದು ತಿಂದ ಖುಷಿ ಬೇಕಿತ್ತು. ನಮಗಿಂತ ಚೆನ್ನಾಗಿ ನಮ್ಮ ನಾಲಿಗೆ ಓದಿದ ಸಮುದಾಯ ಅದು. ಓದದೇ ಇದ್ದಿದ್ದರೆ ಅವರಿಗೆ ಹೊಟ್ಟೆಪಾಡು ಇರಲಿಲ್ಲ.

2020ರ ಜೂನ್ 15. ಗಲ್ವಾನ್. ನಮ್ಮ 20 ಯೋಧರು ಹುತಾತ್ಮರಾದರು. ಆ ವಾರ ಟಿವಿ ಸ್ಟುಡಿಯೊಗಳಲ್ಲಿ ಚೀನಾ ಫೋನು, ಚೀನಾ ಆಪ್, ಚೀನಾ ಆಟಿಕೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಜೂನ್ 29ಕ್ಕೆ 59 ಆಪ್ ನಿಷೇಧವಾದವು. ಅದರ ತರ್ಕ ನನಗೆ ಅರ್ಥವಾಗುತ್ತೆ. ಆದರೆ ಅದೇ ವಾರ ಕೇಂದ್ರ ಸಚಿವ ರಾಮದಾಸ್ ಅಠಾವಳೆ ಚೈನೀಸ್ ಆಹಾರ ಮಾರೋ ರೆಸ್ಟೋರೆಂಟುಗಳನ್ನೂ ಬಂದ್ ಮಾಡಿಸಬೇಕು ಅಂದರು. ಯಾವ ರೆಸ್ಟೋರೆಂಟ್? ವಡಗೇರಾದ ಗಾಡಿಯೂ ಅದರಲ್ಲಿ ಬರುತ್ತಾ? ಸಹಾರನಪುರದಲ್ಲಿ ಒಗ್ಗಿದ ಹೂಕೋಸು, ಮೆಕ್ಕೆಜೋಳದ ಹಿಟ್ಟು, ಗುಂಟೂರು ಮೆಣಸಿನಪುಡಿ ಇಟ್ಟುಕೊಂಡು, ಗಾಡಿ ಮೇಲೆ ಮಲ್ಲಯ್ಯನ ಫೋಟೊ ಹಾಕಿಕೊಂಡ ಹುಡುಗ ಬೀಜಿಂಗಿನ ಏಜೆಂಟೇ? ಜನ ನಕ್ಕು ಬಿಟ್ಟರು, ಮೀಮ್ ಮಾಡಿದರು. ನಗೋದು ಸುಲಭ, ಯಾಕಂದರೆ ಗೋಬಿ ತಿನ್ನೋರು ನಾವು. ಟಾಂಗ್ರಾದಲ್ಲಿ ಕೂತು ಆ ಸುದ್ದಿ ಕೇಳಿದ ಎಪ್ಪತ್ತು ವರ್ಷದವರಿಗೆ ನಗು ಬಂದಿರಲಾರದು. ಅವರಿಗೆ ನವೆಂಬರ್ 1962 ನೆನಪಿದೆ.

ಬಣ್ಣ ನಿಷೇಧವನ್ನೂ ಅಠಾವಳೆ ಮಾತನ್ನೂ ಒಂದೇ ತಕ್ಕಡಿಯಲ್ಲಿ ನಾನು ಇಡುತ್ತಿಲ್ಲ. ಬಣ್ಣದ್ದು ಸರಿಯಾದ ಕ್ರಮ. ಮಕ್ಕಳು ತಿನ್ನೋ ಪದಾರ್ಥಕ್ಕೆ ಲೆಕ್ಕವಿಲ್ಲದೆ ರಾಸಾಯನಿಕ ಸುರಿಯೋದನ್ನ ಹೊಟ್ಟೆಪಾಡಿನ ಹೆಸರಲ್ಲಿ ಒಪ್ಪಕ್ಕಾಗಲ್ಲ. ಆದರೆ ನಿಷೇಧದ ಮರುವಾರ ನಮ್ಮೂರ ಗಾಡಿಯವನ ವ್ಯಾಪಾರ ಅರ್ಧಕ್ಕಿಳಿದಿತ್ತು. ಅವನು ಬಣ್ಣ ನಿಲ್ಲಿಸಿದ್ದ, ರಟ್ಟಿನ ಮೇಲೆ ಕೈಯಿಂದ ‘ಬಣ್ಣ ಹಾಕುವುದಿಲ್ಲ’ ಅಂತ ಬರೆದು ತೂಗುಹಾಕಿದ್ದ. ಗಿರಾಕಿಗಳು ಬಂದು ತಟ್ಟೆ ನೋಡಿ, ಇದೇನು ಕಪ್ಪಗದ ಅಂತ ಕೇಳೋರಂತೆ. ಕಾನೂನು ಅವನ ಕೈ ಹಿಡಿಯಿತು, ಗಿರಾಕಿಯ ಕಣ್ಣು ಹಿಡಿಯಲಿಲ್ಲ. ನಾನು ಬೇಸಿಗೆಗೆ ಹೋಗೋ ಹೊತ್ತಿಗೆ ಜನ ಕಂದು ಗೋಬಿಗೆ ಒಗ್ಗಿದ್ದರು. ಅಣ್ಣನ ಮಗನೂ ಅಲ್ಲೇ ನಿಂತು ತಿಂತಿದ್ದ. ಕೆಂಪಿಲ್ಲದ ಗೋಬಿ ಅವನಿಗೀಗ ಗೋಬಿಯೇ. ಮನೆಯದನ್ನು ಮಾತ್ರ ಅವನು ಇನ್ನೂ ಆ ಹೆಸರಿನಿಂದ ಕರೆಯಲ್ಲ.

ಕಲ್ಕತ್ತಾದ ಹಕ್ಕಾ ಕುಟುಂಬಗಳಲ್ಲಿ ಬಹಳಷ್ಟು ಈಗ ಕೆನಡಾದ ಟೊರೊಂಟೊದಲ್ಲಿವೆ. ದೇವಲಿಯಲ್ಲಿದ್ದವರು ಅಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಪರಿಹಾರದ ಹಣ ಅವರ ಮುಖ್ಯ ಬೇಡಿಕೆಯಲ್ಲ. ಭಾರತ ಸರ್ಕಾರ ಕ್ಷಮೆ ಕೇಳಲಿ ಅಂತ ಅವರು ಪತ್ರ ಬರೆದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಕೂಡಿ ಹಾಕಿದ್ದ ಜಪಾನಿ ಮೂಲದವರ ಕ್ಷಮೆಯನ್ನು ಅಮೆರಿಕ, ಕೆನಡಾ ಎರಡೂ 1988ರಲ್ಲೇ ಕೇಳಿವೆ. ನಮ್ಮಲ್ಲಿ ಇನ್ನೂ ಆಗಿಲ್ಲ. ಅದೇ ಟೊರೊಂಟೊದ ಬೀದಿಗಳಲ್ಲಿ ‘ಹಕ್ಕಾ’ ಅಂತ ಬೋರ್ಡ್ ಹಾಕಿದ ಹೋಟೆಲುಗಳಿವೆ. ಒಳಗೆ ವಿಮಾನದ ಸದ್ದಿನ ಭಟ್ಟಿ ಇದೆ, ಶುಂಠಿ-ಬೆಳ್ಳುಳ್ಳಿ-ಹಸಿಮೆಣಸಿನ ಘಾಟಿದೆ. ಶನಿವಾರ ಸಂಜೆ ಅಲ್ಲಿ ಟೇಬಲ್ಲಿಗೆ ಕಾಯುವವರು ಹೆಚ್ಚಿನಂಶ ಭಾರತದವರು, ಊರು ಬಿಟ್ಟು ಬಂದವರು, ಮನೆಯಲ್ಲಿ ಮಾಡಿದರೆ ಆ ರುಚಿ ಬರಲ್ಲ ಅನ್ನುವವರು.